ಹಲ್ಲಿಗೆ ವಾರ ಗೊತ್ತಾಗುತ್ತಾ?

“ಅಮ್ಮಾ! ಅಕ್ಕ ನಂಗೆ ಅವಳ ಜೆಲ್ಲಿ ಕರಡಿ ಮಿಠಾಯಿ ಕೊಟ್ಲು!”

“ಕೊಟ್ರೆ ತಿನ್ನು. ಅದಕ್ಯಾಕೆ ಊರಿಗೆಲ್ಲ ಕೇಳೋ ಹಾಗೆ ಕೂಗ್ತೀಯಾ?” ಅಡುಗೆಮನೆಯಿಂದ ಅಮ್ಮನ ಉತ್ತರ ಬಂತು.

“ಒಂದಲ್ಲ ಅಮ್ಮಾ, ಎಲ್ಲಾನೂ ಕೊಟ್ಲು! ಚೀಲಾನೇ ಕೊಟ್ಬಿಟ್ಲು!”

ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ಸೋಫಾದ ಮೂಲೆಯಲ್ಲಿದ್ದ ಸಿಗ್ನೆ ತಮ್ಮನ ತೊಡೆಯನ್ನು ಮೆಲ್ಲಗೆ ಚಿವುಟಿದಳು. ಆದರೆ ಐದು ವರ್ಷದ ಆಲ್ವಾರ್ ಬಾಯಿ ತುಂಬ ಕರಡಿಗಳಿದ್ದರೂ ಕೂಗಬಲ್ಲ ಹುಡುಗ. ಚಿವುಟಿದ ಮಾತ್ರಕ್ಕೆ ಸುಮ್ಮನಾಗುವವನಲ್ಲ.

ಅಮ್ಮನಿಗೆ ಅನುಮಾನ ಬಂದದ್ದರಲ್ಲಿ ಏನೂ ಆಶ್ಚರ್ಯವಿಲ್ಲ. ಸ್ವೀಡನ್ನಿನ ಮಕ್ಕಳಿಗೆ ಮಿಠಾಯಿ ಅಂದರೆ ಶನಿವಾರ ಮಾತ್ರ. ವಾರವಿಡೀ ಕಾಯಬೇಕು. ಶನಿವಾರ ಅಂಗಡಿಗೆ ಹೋಗಿ, ಸಾಲು ಡಬ್ಬಗಳ ಮುಂದೆ ನಿಂತು, ಪುಟ್ಟ ಸಲಿಕೆಯಲ್ಲಿ ಬೇಕುಬೇಕಾದ್ದನ್ನು ಮೊಗೆದು ಕಾಗದದ ಚೀಲಕ್ಕೆ ತುಂಬಿಕೊಳ್ಳಬೇಕು. ಅಂಥ ಚೀಲವನ್ನು ಯಾರಾದರೂ ತಮ್ಮನಿಗೆ ಕೊಡುತ್ತಾರೆಯೇ? ಜ್ವರ ಬಂದು ಮಲಗಿದವರೂ ಕೊಡುವುದಿಲ್ಲ.

ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. “ಸಿಗ್ನೆ, ಬಾಯಿ ತೆಗಿ.”

“ಯಾಕೆ? ನಂಗೆ ಇವತ್ತು ಬೇಡ ಅನಿಸ್ತು, ಅಷ್ಟೆ.”

“ಬಾಯಿ ತೆಗಿ ಅಂದೆ.”

ಸಿಗ್ನೆ ಬಾಯಿ ತೆರೆದಳು. ಅಮ್ಮ ಮೊಬೈಲಿನ ಟಾರ್ಚ್ ಹಾಕಿ ಒಳಗೆ ಬಗ್ಗಿ ನೋಡಿದಳು. ಆಲ್ವಾರನೂ ತಲೆ ತೂರಿಸಿ ನೋಡಿದ.

“ಅಯ್ಯೋ ದೇವರೇ, ಎಷ್ಟು ದೊಡ್ಡ ತೂತು! ಒಸಡೆಲ್ಲ ಊದ್ಕೊಂಡಿದೆ. ಯಾವಾಗಿಂದ ನೋಯ್ತಿದೆ ಇದು?”

“ಇವತ್ತಿಂದ.”

ಅದು ಶುದ್ಧ ಸುಳ್ಳು. ಹೋದ ವಾರದಿಂದಲೂ ಅವಳು ಎಡಗಡೆಯಲ್ಲೇ ಅಗಿಯುತ್ತಿದ್ದಳು. ತಣ್ಣೀರು ಕುಡಿಯುತ್ತಿರಲಿಲ್ಲ. ಹಿಮದ ಗಾಳಿ ಬಾಯಿಗೆ ಹೋಗದ ಹಾಗೆ ಮಫ್ಲರನ್ನು ಮೂಗಿನವರೆಗೂ ಸುತ್ತಿಕೊಳ್ಳುತ್ತಿದ್ದಳು. ನೋವು ಬಂದರೆ ಹಲ್ಲು ಕಚ್ಚಿ ಸಹಿಸಬೇಕು ಅನ್ನುತ್ತಾರೆ. ಹಲ್ಲೇ ನೋಯುವಾಗ ಏನನ್ನು ಕಚ್ಚುವುದು, ಪಾಪ?

“ರೂಟ್ ಕೆನಾಲ್ ಮಾಡ್ಬೇಕಾಗುತ್ತೋ ಏನೋ,” ಅಂದಳು ಅಮ್ಮ. “ಸೋಮವಾರ ಬೆಳಿಗ್ಗೇನೇ ಫೋನ್ ಮಾಡ್ತೀನಿ. ಇಷ್ಟು ನೋವಿದ್ರೂ ಯಾಕೆ ಹೇಳ್ಲಿಲ್ಲ ಪುಟ್ಟಿ?”

ಅಮ್ಮ ಬೈದಿದ್ದರೆ ಚೆನ್ನಾಗಿತ್ತು. ‘ಪುಟ್ಟಿ’ ಅಂದದ್ದಕ್ಕೆ ಸಿಗ್ನೆಗೆ ಅಳುವೇ ಬಂದುಬಿಟ್ಟಿತು. ಆದರೂ ಅವಳು ಬಾಯಿ ಬಿಡಲಿಲ್ಲ.

ಹೇಳದಿರಲು ಕಾರಣವಿತ್ತು. ಆ ಕಾರಣದ ಹೆಸರು ರೂನೆ ಅಜ್ಜ.

ಬುಧವಾರ ಸಿಗ್ನೆಯ ಶಾಲೆ ಬೇಗ ಬಿಡುತ್ತಿತ್ತು. ಅಮ್ಮ ಸಂಜೆಯವರೆಗೂ ಊರಿನ ಬಸ್ಸು ಓಡಿಸುತ್ತಿದ್ದಳು. ಹಾಗಾಗಿ ಸಿಗ್ನೆ ನೇರ ಅಜ್ಜನ ಮನೆಗೆ ಹೋಗುತ್ತಿದ್ದಳು. ಇಬ್ಬರೂ ಇಸ್ಪೀಟ್ ಆಡುತ್ತಿದ್ದರು. ಅಜ್ಜ ಮೋಸ ಮಾಡುತ್ತಿದ್ದ, ಅದೂ ಎಂಥ ಮೋಸ! ಎಲೆಯನ್ನು ಅಂಗಿಯ ತೋಳಿನೊಳಗೆ ತುರುಕುತ್ತಿದ್ದ, ಅದು ಮಣಿಕಟ್ಟಿನ ಹತ್ತಿರ ಹೊರಗೆ ಇಣುಕುತ್ತಿತ್ತು. ಹೊರಡುವಾಗ ಅವಳ ಕೈಗೆ ಜ್ಯೇಷ್ಠಮಧುವಿನ ಎರಡು ಕಪ್ಪು ಟಾಫಿ ಇಟ್ಟು, “ನಿಮ್ಮಮ್ಮಂಗೆ ಹೇಳ್ಬೇಡ” ಅನ್ನುತ್ತಿದ್ದ.

ಶನಿವಾರವಲ್ಲ, ಬುಧವಾರ!

ಚಳಿಗಾಲ ಶುರುವಾಗುವ ಮೊದಲು ಒಮ್ಮೆ ಅಮ್ಮನಿಗೆ ಅವಳ ಜಾಕೆಟ್ಟಿನಲ್ಲಿ ಟಾಫಿ ಸುತ್ತಿದ ಕಾಗದ ಸಿಕ್ಕಿತ್ತು. “ಅಪ್ಪಾ, ಇನ್ನೊಂದ್ಸಲ ವಾರದ ನಡುವೆ ಕೊಟ್ರೆ ಬುಧವಾರ ಸಂಜೆ ತನಕ ಇವಳನ್ನ ಶಾಲೇಲೇ ಬಿಟ್ಟಿರ್ತೀನಿ, ನೋಡ್ಕೋ!” ಅಂದಿದ್ದಳು. “ಆಯ್ತಮ್ಮ, ಆಯ್ತು” ಅಂದಿದ್ದ ಅಜ್ಜ. ಮುಂದಿನ ಬುಧವಾರ ಮತ್ತೆ ಎರಡು ಟಾಫಿ.

ಅಂಥದೇ ಒಂದು ಟಾಫಿ ಅಂಟಿಕೊಂಡು ಎಳೆದಾಗಲೇ ಸಿಗ್ನೆಯ ಹಲ್ಲಿನ ಚೂರು ಕಿತ್ತುಬಂದಿತ್ತು.

ಎರಡನೇ ಕ್ಲಾಸಿನಲ್ಲಿದ್ದಾಗ ಹಲ್ಲಿನ ಆಸ್ಪತ್ರೆಯ ಒಬ್ಬರು ಹೆಂಗಸು ದೊಡ್ಡ ಪ್ಲಾಸ್ಟಿಕ್ ದವಡೆ ಹಿಡಿದುಕೊಂಡು ಶಾಲೆಗೆ ಬಂದಿದ್ದರು. “ಶನಿವಾರ ತಿನ್ನಿ, ಉಳಿದ ದಿನ ಹಲ್ಲಿಗೆ ರಜೆ ಕೊಡಿ. ರಜೆ ಕೊಡದಿದ್ರೆ ಹಲ್ಲಿಗೆ ಗೊತ್ತಾಗಿಬಿಡುತ್ತೆ!” ಅಂದಿದ್ದರು. ಹಲ್ಲಿಗೆ ಗೊತ್ತಾದ ಮೇಲೆ ಹಲ್ಲಿನ ಡಾಕ್ಟರಿಗೆ ಗೊತ್ತಾಗದೆ ಇರುತ್ತದೆಯೇ? ಡಾಕ್ಟರು ನೋಡಿದ ಕೂಡಲೇ, ಇದು ಶನಿವಾರದ ತೂತಲ್ಲ, ಬುಧವಾರದ್ದು ಎಂದು ಹೇಳಿಬಿಡುತ್ತಾರೆ. ಅಲ್ಲಿಗೆ ಅಜ್ಜನ ಬುಧವಾರಗಳು ಮುಗಿದವು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವುದು ಇದಕ್ಕೇ.

ಸೋಮವಾರ ಶಾಲೆಯಲ್ಲಿ ಊಟದ ಹೊತ್ತಿಗೆ ಅವಳ ಕ್ಲಾಸಿನ ಮೆಲ್ಕರ್ ಇನ್ನಷ್ಟು ಧೈರ್ಯ ತುಂಬಿದ.

“ರೂಟ್ ಕೆನಾಲಾ? ನಮ್ಮಣ್ಣಂಗೆ ಮಾಡಿದ್ರು,” ಅಂದ ಅವನು, ಆಲೂಗಡ್ಡೆ ಬಾಯಿಗೆ ತುಂಬಿಕೊಂಡು. “ಹಲ್ಲಿನ ಬೇರಿನ ತನಕ ಸೂಜಿ ಹಾಕಿ ನರಾನ ಹಿಡ್ಕೊಂಡು ಎಳೀತಾರೆ. ಎಷ್ಟುದ್ದ ಇರುತ್ತೆ ಗೊತ್ತಾ? ಶೂ ಲೇಸ್ ಥರ! ಎಳೀತಾ ಇದ್ರೆ ಬರ್ತಾನೇ ಇರುತ್ತೆ!”

“ಸುಳ್ಳು ಹೇಳ್ಬೇಡ.”

“ಬೇಕಾದ್ರೆ ಕೇಳು ಅವನನ್ನ. ಕಣ್ಣಿನ ಹತ್ರಾನೂ ಜಗ್ಗಿದ ಹಾಗಾಯ್ತಂತೆ.”

ಸಿಗ್ನೆ ತಟ್ಟೆಯನ್ನು ದೂರ ತಳ್ಳಿದಳು. ಸಂಜೆ ಅಮ್ಮ, “ನಾಳೆ ಬರೋಕೆ ಹೇಳಿದಾರೆ” ಅಂದಳು. ಸಿಗ್ನೆ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅಜ್ಜನಿಗೆ ಫೋನ್ ಮಾಡಿದಳು.

“ಅಜ್ಜಾ, ನಾಳೆ ನನ್ನ ಹಲ್ಲು ನೋಡ್ತಾರೆ. ಟಾಫಿ ವಿಷ್ಯ ನಾನು ಹೇಳಲ್ಲ. ಆದ್ರೆ ಹಲ್ಲು ಹೇಳ್ಬಿಡುತ್ತೆ.”

ಆ ಕಡೆಯಿಂದ ಅಜ್ಜ ಕೇಳಿದ: “ತುಂಬಾ ನೋಯ್ತಿದೆಯಾ ಮರಿ?”

“ಹೂಂ. ಭಯಾನೂ ಆಗ್ತಿದೆ.”

“ನಾನೂ ಬರ್ತೀನಿ ತಡಿ,” ಅಂದ ಅಜ್ಜ. ಅವನ ಧ್ವನಿ ಸಣ್ಣಗಿತ್ತು. ಅವನು ಚಿಕ್ಕವನಿದ್ದಾಗ ಶಾಲೆಯ ಹಲ್ಲಿನ ಡಾಕ್ಟರು ಮರಗಟ್ಟಿಸುವ ಮದ್ದು ಕೊಡದೆಯೇ ಕೊರೆಯುತ್ತಿದ್ದರಂತೆ. ಆ ಕತೆ ಸಿಗ್ನೆಗೆ ಬಾಯಿಪಾಠವಾಗಿತ್ತು. ಆಸ್ಪತ್ರೆ ಇರುವ ಬೀದಿಯಲ್ಲಿ ಅಜ್ಜ ನಡೆಯುವುದೂ ಇಲ್ಲ, ಸುತ್ತುಹಾಕಿಕೊಂಡು ಹೋಗುತ್ತಾನೆ. ಅಂಥವನು ಬರುತ್ತೇನೆ ಅಂದ.

ಬಂದೇಬಿಟ್ಟ. ಮಂಗಳವಾರ ಸಿಗ್ನೆ ಮತ್ತು ಅಮ್ಮ ಆಸ್ಪತ್ರೆಗೆ ಹೋದಾಗ ಅಜ್ಜ ಆಗಲೇ ಬೆಂಚಿನ ತುದಿಯಲ್ಲಿ ಕೋಟು ಟೋಪಿಯ ಸಮೇತ ಕೂತಿದ್ದ. ಹಣೆಯಲ್ಲಿ ಬೆವರಿತ್ತು.

ಡಾಕ್ಟರ ಹೆಸರು ನಸ್ರೀನ್. “ಬಾ ಸಿಗ್ನೆ, ಇಲ್ಲಿ ಮಲಗು,” ಅಂದರು. “ಏನು ಮಾಡೋದಿದ್ರೂ ಮೊದಲು ನಿಂಗೆ ಹೇಳ್ತೀನಿ. ಸಾಕು ಅನಿಸಿದ್ರೆ ಕೈ ಎತ್ತು, ನಿಲ್ಲಿಸ್ತೀನಿ. ಈಗ ಹೇಳು, ಮಿಠಾಯಿ ಯಾವಾಗ ತಿಂತೀಯಾ?”

“ಶನಿವಾರ ಮಾತ್ರ,” ಅಮ್ಮನೇ ಹೇಳಿದಳು.

“ಶ... ಶನಿವಾರ,” ಅಂದಳು ಸಿಗ್ನೆ. ಮುಖ ಬಿಸಿಯಾಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೂಲೆಯ ಸ್ಟೂಲಿನ ಮೇಲಿದ್ದ ಅಜ್ಜನ ಕೈ ತಾನಾಗಿ ಕೋಟಿನ ಜೇಬಿಗೆ ಹೋಯಿತು. ಜೇಬಿನೊಳಗೆ ಕಾಗದ ಚರಪರ ಅಂದಿತು. ಅವನು ಎದ್ದು ನಿಂತು ಟೋಪಿ ತೆಗೆದ.

“ಬುಧವಾರಾನೂ ತಿಂತಾಳೆ ಡಾಕ್ಟ್ರೇ. ಕೊಡೋನು ನಾನೇ. ಮಗೂದೇನೂ ತಪ್ಪಿಲ್ಲ. ಹಲ್ಲು ಹೇಳೋಕ್ಕಿಂತ ಮುಂಚೆ ನಾನೇ ಹೇಳ್ಬಿಡ್ತೀನಿ.”

“ಅಪ್ಪಾ!” ಅಂದಳು ಅಮ್ಮ.

ನಸ್ರೀನ್ ಒಮ್ಮೆ ಅಜ್ಜನನ್ನೂ ಒಮ್ಮೆ ಸಿಗ್ನೆಯನ್ನೂ ನೋಡಿದರು. “ಹಲ್ಲು ಏನು ಹೇಳುತ್ತೆ?”

“ಯಾವ ವಾರ ತಿಂದಿದ್ದು ಅಂತ,” ಸಿಗ್ನೆ ಪಿಸುಗುಟ್ಟಿದಳು. “ನಿಮಗೆ ಕಾಣುತ್ತಲ್ವಾ?”

ಮಾಸ್ಕಿನ ಹಿಂದೆ ಡಾಕ್ಟರು ನಕ್ಕದ್ದು ಕಣ್ಣಿನಲ್ಲೇ ಗೊತ್ತಾಯಿತು. “ಇಲ್ಲ ಮರಿ. ತೂತು ಕಾಣುತ್ತೆ, ವಾರ ಕಾಣಲ್ಲ. ಕಂಡಿದ್ರೆ ಈ ಊರಲ್ಲಿ ಎಷ್ಟು ಅಜ್ಜಂದಿರು ಸಿಕ್ಕಿಬೀಳ್ತಿದ್ರೋ!”

ಆಮೇಲೆ ಅವರು ಎಕ್ಸ್‌ರೇ ತೆಗೆದರು. ಆ ಹಲ್ಲು ಹುಟ್ಟುವಾಗಲೇ ಮೆದುವಾಗಿ ಹುಟ್ಟಿತ್ತಂತೆ. ಕೆಲವು ಮಕ್ಕಳಿಗೆ ಹಾಗಾಗುತ್ತದಂತೆ. “ಹಾಗಂತ ಟಾಫಿ ಒಳ್ಳೇದು ಮಾಡಿಲ್ಲ,” ಅಂತಲೂ ಸೇರಿಸಿದರು. ಅಜ್ಜ ತಲೆ ತಗ್ಗಿಸಿದ. “ಒಳಗಿನ ನರ ಹಾಳಾಗಿದೆ ಸಿಗ್ನೆ. ತೆಗೀಬೇಕು. ರೂಟ್ ಕೆನಾಲ್.”

ಆ ಮಾತು ಬಂದೇಬಿಟ್ಟಿತು. ಸಿಗ್ನೆಯ ಕಣ್ಣೀರು ಕಿವಿಯ ಕಡೆಗೆ ಇಳಿಯಿತು. “ಅದು ಶೂ ಲೇಸ್‌ನಷ್ಟು ಉದ್ದ ಇರುತ್ತಾ?”

“ಯಾರು ಹೇಳಿದ್ದು? ತೆಗೆದ ಮೇಲೆ ನೀನೇ ನೋಡುವಂತೆ.”

ಮೊದಲು ಒಸಡಿಗೆ ಬಾಳೆಹಣ್ಣಿನ ರುಚಿಯ ಮುಲಾಮು ಹಚ್ಚಿದರು. ಆಮೇಲೆ ಚುಚ್ಚಿದರು. ನೋವಾಯಿತು, ಇಲ್ಲ ಅನ್ನುವುದೇಕೆ? ಆದರೆ ಸ್ವಲ್ಪ ಹೊತ್ತಿಗೆ ಅರ್ಧ ಮುಖವೇ ಯಾರಿಗೋ ಸೇರಿದ್ದು ಅನ್ನುವ ಹಾಗೆ ಮರಗಟ್ಟಿತು. ಬಾಯಿಗೆ ರಬ್ಬರಿನ ಹಾಳೆ ಕಟ್ಟಿದರು. ಯಂತ್ರ ಗುಂಯ್ ಅಂದದ್ದೇ ತಡ, ಸಿಗ್ನೆ ಕೈ ಎತ್ತಿದಳು.

ಯಂತ್ರ ಥಟ್ಟನೆ ನಿಂತಿತು.

“ನೋಯ್ತಾ?”

ಇಲ್ಲ ಎಂದು ತಲೆ ಆಡಿಸಿದಳು.

“ನಿಲ್ಲಿಸ್ತೀನೋ ಇಲ್ವೋ ಅಂತ ಪರೀಕ್ಷೆ ಮಾಡಿದ್ಯಾ?”

ಹೌದು ಎಂದು ಕಣ್ಣು ಮಿಟುಕಿಸಿದಳು. ಅವಳ ಅರ್ಧ ಭಯ ಅಲ್ಲಿಗೆ ಕರಗಿತು. ಉಳಿದರ್ಧಕ್ಕೆ ಅಮ್ಮನ ಕೈ ಇತ್ತು. ಅಜ್ಜನಂತೂ ಕಣ್ಣು ಗಟ್ಟಿಯಾಗಿ ಮುಚ್ಚಿ, ಟೋಪಿಯನ್ನು ಹಿಂಡುತ್ತಾ ಕೂತಿದ್ದ. ಆದರೆ ಎದ್ದು ಹೊರಗೆ ಹೋಗಲಿಲ್ಲ.

ಕೊನೆಗೆ ಡಾಕ್ಟರು ತೆಳ್ಳನೆಯ ಸೂಜಿಯ ತುದಿಯನ್ನು ತೋರಿಸಿದರು. ಅಲ್ಲಿ ಕೆಂಪು ನೂಲಿನ ತುಣುಕಿನಂಥದ್ದು ಏನೋ ಇತ್ತು. ಅಷ್ಟೇ. ಇರುವೆಗೆ ಶೂ ಇದ್ದಿದ್ದರೆ ಅದಕ್ಕೆ ಲೇಸ್ ಆಗಬಹುದಿತ್ತೇನೋ. ಇಷ್ಟಕ್ಕೆ ಹೆದರಿದೆನಲ್ಲ ಎಂದು ಸಿಗ್ನೆಗೆ ಮೆಲ್ಕರನ ಮೇಲೆ ಸಿಟ್ಟೇ ಬಂತು. “ಇವತ್ತಿಗೆ ಮದ್ದು ತುಂಬಿ ಮುಚ್ಚಿರ್ತೀನಿ. ಇನ್ನೊಂದು ಸಲ ಬಂದ್ರೆ ಮುಗೀತು,” ಅಂದರು ನಸ್ರೀನ್.

ಅಜ್ಜನೂ ಅವರ ಕಾರಿನಲ್ಲೇ ಹೊರಟ. ಸೇತುವೆ ದಾಟಿದ ಮೇಲೆ ಅಮ್ಮ ಕೇಳಿದಳು: “ಅಷ್ಟು ಹೇಳಿದ್ರೂ ಯಾಕಪ್ಪಾ ಕೊಟ್ಟೆ?”

ಅಜ್ಜ ಕಿಟಕಿಯ ಹೊರಗೆ ನೋಡುತ್ತಿದ್ದ. “ಇನ್ನೇನಿದೆ ನಮ್ಮನೇಲಿ? ಅವಳಿಗೆ ಹನ್ನೊಂದಾಯ್ತು. ಗೆಳತಿಯರಿದಾರೆ, ಸ್ಕೇಟಿಂಗ್ ಇದೆ. ಟಾಫೀನೂ ಇಲ್ದಿದ್ರೆ ಈ ಮುದುಕನ ಹತ್ರ ಯಾಕೆ ಬರ್ತಾಳೆ?”

ಸಿಗ್ನೆ ಹಿಂದಿನ ಸೀಟಿನಲ್ಲಿ ನೆಟ್ಟಗಾದಳು. ಅವಳಿಗೆ ಆ ಕಪ್ಪು ಟಾಫಿ ಒಂದು ದಿನವೂ ಹಿಡಿಸಿರಲಿಲ್ಲ. ಕಷಾಯದ ರುಚಿ, ಮೇಲೆ ಉಪ್ಪು ಬೇರೆ. ಅಜ್ಜ ಅಷ್ಟು ಖುಷಿಯಾಗಿ ಕೊಡುತ್ತಾನಲ್ಲ ಎಂದು ತಿನ್ನುತ್ತಿದ್ದಳು. ಅದನ್ನು ಹೇಳಬೇಕೆಂದು ಮರಗಟ್ಟಿದ ಬಾಯಿ ತೆರೆದಳು.

“ಅದ್ದಾ, ನಂವೆ ಆ ತಾವಿ ಇಫ್ತಾನೇ ಇವ್ವ!”

“ಏನಂದೆ?” ಅಂದ ಅಜ್ಜ.

“ಮಾತಾಡ್ಬೇಡ, ತುಟಿ ಕಚ್ಕೋತೀಯ,” ಅಂದಳು ಅಮ್ಮ.

ಅಜ್ಜನನ್ನು ಅವನ ಮನೆಯ ಹತ್ತಿರ ಇಳಿಸಿದರು. ಅವನು ಹಿಂತಿರುಗಿ ನೋಡದೆ, ಹಿಮದಲ್ಲಿ ಹುಷಾರಾಗಿ ಹೆಜ್ಜೆ ಇಡುತ್ತಾ ಒಳಗೆ ಹೋದ. ಸಿಗ್ನೆಗೆ ತಡೆಯಲಾಗಲಿಲ್ಲ, ಹಲ್ಲು ಕೊರೆಯುವಾಗ ಬಾರದಷ್ಟು ಅಳು ಬಂತು. ಅಮ್ಮ ಕನ್ನಡಿಯಲ್ಲಿ ಅವಳನ್ನು ನೋಡಿದಳು. ಕಾರು ಹೊರಡಿಸಲಿಲ್ಲ.

“ನಾಳೆ ಬುಧವಾರ,” ಅಂದಳು. “ಶಾಲೇಲಿ ಇರೋದೋ, ಅಲ್ಲಿಗೆ ಹೋಗೋದೋ, ನೀನೇ ಯೋಚ್ನೆ ಮಾಡು. ಟಾಫಿ ಮಾತ್ರ ಮುಗೀತು.”

ಯೋಚನೆ ಮಾಡಲು ಏನಿತ್ತು? ಬುಧವಾರ ಗಂಟೆ ಬಾರಿಸಿದ್ದೇ ಸಿಗ್ನೆ ಓಡಿದಳು. ಅಜ್ಜನ ಮನೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು. ಬೆಲ್ ಒತ್ತಲು ಬೆರಳು ಎತ್ತಿದಳು, ಅಷ್ಟರಲ್ಲೇ ಬಾಗಿಲು ತೆರೆಯಿತು.

“ಓ, ಬಂದ್ಯಾ?” ಅಂದ ಅಜ್ಜ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. “ಬರಲ್ವೇನೋ ಅಂದ್ಕೊಂಡೆ. ಇವತ್ತು ನಿಂಗೆ ಕೊಡೋಕೆ ಏನೂ ಇಲ್ಲ.”

“ಅಜ್ಜಾ, ನಂಗೆ ಆ ಟಾಫಿ ಇಷ್ಟಾನೇ ಇಲ್ಲ,” ಅಂದಳು ಸಿಗ್ನೆ ಒಂದೇ ಉಸಿರಿಗೆ. ಇವತ್ತು ಮಾತು ಸ್ಪಷ್ಟವಾಗಿ ಬಂತು.

“ಏನು? ಮತ್ತೆ ಪ್ರತಿವಾರ ತಿಂತಿದ್ಯಲ್ಲ?”

“ನೀನು ಕೊಡ್ತಿದ್ಯಲ್ಲ!”

ಅಜ್ಜ ಭುಜ ಕುಣಿಯುವ ಹಾಗೆ ನಗತೊಡಗಿದ. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. “ಬಾ ಬಾ, ಬಾಗಿಲು ಹಾಕು, ಚಳಿ. ಇಸ್ಪೀಟ್ ಎಲೆ ಕಲಸಿ ಇಟ್ಟಿದೀನಿ,” ಎಂದು ಒಳಗೆ ಹೋದ.

ಬಾಗಿಲ ಪಕ್ಕದಲ್ಲಿ ಒಂದು ಮರದ ಕುರ್ಚಿ ಇತ್ತು. ಬೂಟು ಬಿಚ್ಚಲು ಇಟ್ಟದ್ದು ಎಂದೇ ಸಿಗ್ನೆ ಇಷ್ಟು ದಿನ ತಿಳಿದಿದ್ದಳು. ಇವತ್ತೂ ಅದರ ಮೇಲೆ ಕೂತು ಬೂಟಿನ ಕಡೆ ಬಗ್ಗಿದಳು, ಬಗ್ಗಿದವಳು ಹಾಗೇ ಉಳಿದಳು.

ಕುರ್ಚಿ ಬೆಚ್ಚಗಿತ್ತು, ಈಗಷ್ಟೇ ಯಾರೋ ಕಾದು ಕೂತು ಎದ್ದ ಹಾಗೆ.

ಒಳಗಿನಿಂದ ಅಜ್ಜ ಕೂಗಿದ. “ಏನ್ ಮಾಡ್ತಿದೀಯ ಅಲ್ಲಿ?”

“ಬಂದೆ ಅಜ್ಜಾ,” ಅಂದಳು ಸಿಗ್ನೆ. ಆಮೇಲೆ ಸ್ವಲ್ಪ ಜೋರಾಗಿ, “ಮುಂದಿನ ವಾರ ಇನ್ನೂ ಜೋರಾಗಿ ಓಡ್ಕೊಂಡು ಬರ್ತೀನಿ” ಅಂದಳು.