ಮಾಲೀಕರು ಅಂಗಡಿಯಲ್ಲಿಲ್ಲ

"ಮಾಲೀಕರು ಇದಾರಾ?"

ಹೊಲಿಗೆ ಯಂತ್ರದ ಪೆಡಲಿನ ಮೇಲಿದ್ದ ಅವಳ ಕಾಲು ಅಲ್ಲೇ ನಿಂತಿತು.

ಬಾಗಿಲಲ್ಲಿ ಒಬ್ಬ ಎತ್ತರದ ಗಂಡಸು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಒಂದು ಬಟ್ಟೆಯ ಚೀಲ, ಕೈಯಲ್ಲಿ ಒಂದು ಲಕೋಟೆ. ಲಕೋಟೆಯ ಮೇಲೆ ದಪ್ಪ ಅಕ್ಷರದಲ್ಲಿ ಅವಳದೇ ಹೆಸರು!

'ದೇವರೇ... ಇವನೂ ವಸೂಲಿಗೇ ಬಂದವನು!'

ಈ ವಾರ ಇದು ಮೂರನೆಯ ಸಲ. ಮೊದಲು ಬಂದವನು ಬೈದು ಹೋಗಿದ್ದ. ಎರಡನೆಯವನು ಬೈಯಲಿಲ್ಲ. ಪಕ್ಕದ ಕನ್ನಡಕದ ಅಂಗಡಿಯವರಿಗೂ ಕೇಳುವ ಹಾಗೆ ಅವಳ ಬಾಕಿಯನ್ನು ಗಟ್ಟಿಯಾಗಿ ಓದಿದ್ದ, ಅಷ್ಟೇ. ಅದಕ್ಕಿಂತ ಬೈಗುಳವೇ ವಾಸಿಯಾಗಿತ್ತು.

"ಇಲ್ಲ," ಎಂದಳು. "ಮಾಲೀಕರು ಊರಲ್ಲಿಲ್ಲ. ನಾನು ಇಲ್ಲಿ ಕೆಲಸಕ್ಕಿರೋಳು."

ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಎದುರಿಗಿದ್ದವರ ಮುಖ ನೋಡುವುದಿಲ್ಲ. ಅವಳೂ ಮೂಲೆಯ ಇಸ್ತ್ರಿಪೆಟ್ಟಿಗೆಯನ್ನು ನೋಡುತ್ತಲೇ ಹೇಳಿದಳು.

"ಓ... ಹಾಗಾದ್ರೆ ನಿಮ್ಮ ಹತ್ರಾನೇ ಹೇಳ್ತೀನಿ." ಅವನು ಚೀಲದಿಂದ ಒಂದು ಕಪ್ಪು ಕೋಟು ತೆಗೆದು ಮೇಜಿನ ಮೇಲಿಟ್ಟ. "ಹೋದ ತಿಂಗಳು ನಮ್ಮಕ್ಕ ಇಲ್ಲಿ ಹೊಲಿಸಿದ್ದು. ಅಳತೆಗೆ ನನ್ನ ಹಳೇ ಕೋಟು ತಂದುಕೊಟ್ಟಿದ್ಲು. ಹೊಲಿಗೆ ತುಂಬಾ ಚೆನ್ನಾಗಿದೆ. ಆದ್ರೆ ಕತ್ತು ತಿರುಗಿಸಿದಾಗಲೆಲ್ಲ ಈ ಕಾಲರ್ ಮಾತಾಡುತ್ತೆ!"

"ಮಾತಾಡುತ್ತಾ?!"

"ಸರಸರ ಅಂತ! ನಮ್ಮ ಆಫೀಸಲ್ಲಿ ಸೂಜಿ ಬಿದ್ರೂ ಕೇಳಿಸುತ್ತೆ. ನನ್ನ ಪಕ್ಕ ಐದನೇ ಕಿಟಕೀಲಿ ಕೂರೋ ಮೇಡಂ, 'ಏನಯ್ಯಾ, ಕತ್ತಲ್ಲಿ ಇಲಿ ಸಾಕಿದೀಯಾ?' ಅಂತ ಕೇಳೇಬಿಟ್ರು. ಕೊನೆಗೆ ನಾಲ್ಕು ಹೊಲಿಗೆ ಬಿಚ್ಚಿ ನೋಡಿದೆ. ಒಳಗೆ ಇದಿತ್ತು."

ಲಕೋಟೆಯಿಂದ ಅವನು ಹೊರತೆಗೆದದ್ದು ಕಾಲರಿನ ಆಕಾರಕ್ಕೆ ಕತ್ತರಿಸಿದ ಒಂದು ಕಾಗದ.

ಅವಳಿಗೆ ಗುರುತು ಸಿಕ್ಕಿತು. ಸಿಗದೆ ಏನು? ಅವಳದೇ ಕತ್ತರಿ, ಅವಳದೇ ಕಾಗದ.

ಬ್ಯಾಂಕಿನವರು ಕಳಿಸುವ ಕಾಗದ ಒಳ್ಳೆ ದಪ್ಪ. ಅವನ್ನು ಒಡೆದು ಓದುವ ಧೈರ್ಯ ಅವಳಿಗಿರಲಿಲ್ಲ, ಎಸೆಯುವ ಧೈರ್ಯವೂ ಇರಲಿಲ್ಲ. ಒಂದು ದಿನ ಕೋಪವೋ, ಹತಾಶೆಯೋ, ಒಡೆಯದ ಲಕೋಟೆಗೇ ಕತ್ತರಿ ಹಾಕಿ ಬಟ್ಟೆಯ ಮೇಲಿಟ್ಟು ಗೆರೆ ಎಳೆಯಲು ಕಾಲರಿನ ಪೇಪರ್ ಕಟಿಂಗ್ ಮಾಡಿಕೊಂಡಳು. ಆಮೇಲೆ ಅದೇ ರೂಢಿಯಾಯಿತು. ಬಟ್ಟೆ ಕತ್ತರಿಸಿದ ಮೇಲೆ ಪೇಪರ್ ತೆಗೆದಿಡಬೇಕು. ನಿದ್ದೆಗೆಟ್ಟ ಯಾವುದೋ ದಿನ ಮರೆತು, ಕಾಲರ್ ಗಟ್ಟಿಯಾಗಿ ನಿಲ್ಲಲು ಒಳಗೆ ಹಾಕುವ ಕ್ಯಾನ್ವಾಸಿನ ಜೊತೆ ಅದನ್ನೂ ಸೇರಿಸಿ ಹೊಲಿದುಬಿಟ್ಟಿದ್ದಳು.

ಕಾಗದದ ಮಧ್ಯದಲ್ಲಿ ಅವಳ ಹೆಸರು. ಹೆಸರಿನ ಮೇಲೆ 'ಕೊನೆಯ ಎಚ್ಚರಿಕೆ'.

"ನಾನು ಓದಬಾರದಿತ್ತು," ಎಂದ ಅವನು ಮೆಲ್ಲಗೆ. "ಆದ್ರೆ ನನ್ನ ಕೆಲಸಾನೇ ಇಂಥವನ್ನ ಓದೋದು. ದಿವಾಳಿ ಅರ್ಜಿ ತಗೊಳ್ತಾರಲ್ಲ, ಆ ಆಫೀಸಿನ ನಾಲ್ಕನೇ ಕಿಟಕಿಯವನು ನಾನು."

ದಿವಾಳಿ! ಆ ಮಾತು ಕಿವಿಗೆ ಬಿದ್ದದ್ದೇ ಅವಳ ಕಿವಿ, ಕೆನ್ನೆ, ಕತ್ತು ಎಲ್ಲ ಬಿಸಿಯಾದವು.

"ನಿಮ್ಮ ಮಾಲೀಕರಿಗೆ ಹೇಳಿ. ಲಕೋಟೆ ಸಮೇತ ಕತ್ತರಿಸಿದಾರೆ ಅಂದ್ರೆ ಒಡೆದು ಓದೇ ಇಲ್ಲ. ಒಡೀದೇ ಇಟ್ಟ ಮಾತ್ರಕ್ಕೆ ಕಾಗದ ಸುಮ್ನಿರಲ್ಲ. ದಾರಿ ಇದೆ. ಆದ್ರೆ ಅವರೇ ಬರ್ಬೇಕು."

ಈಗಲಾದರೂ ಹೇಳಬಹುದಿತ್ತು. 'ಸಾರ್, ಆ ಮಾಲೀಕಳು ನಾನೇ.' ಎಷ್ಟು ಚಿಕ್ಕ ಮಾತು! ಆದರೆ ನಾಚಿಕೆ ಅಡ್ಡ ಬಂದು ಕೂತರೆ ಚಿಕ್ಕ ಮಾತೂ ಹೊರಡುವುದಿಲ್ಲ.

"ಹೇಳ್ತೀನಿ," ಎಂದಳು. "ಕಾಲರ್ ಶನಿವಾರ ಕೊಡ್ತೀನಿ ಸಾರ್."

*

ಶನಿವಾರ ಕೋಟು ತೆಗೆದುಕೊಂಡು ಹೋದವನು ಮುಂದಿನ ಬುಧವಾರ ಒಂದು ಗುಂಡಿ ಹಿಡಿದುಕೊಂಡು ಬಂದ. ಅದರ ಮುಂದಿನ ವಾರ ಅಕ್ಕನ ಪರ್ಸಿನ ಜಿಪ್ಪು. ಆಮೇಲೆ ಒಂದು ಛತ್ರಿ! ಛತ್ರಿಯನ್ನು ಟೈಲರ್ ಅಂಗಡಿಗೆ ತಂದವನ ಮನಸ್ಸಿನಲ್ಲಿ ಏನಿದೆ ಎಂದು ಕನ್ನಡಕದ ಅಂಗಡಿಯವರಿಗೂ ಗೊತ್ತಾಗಿತ್ತು. ಅವಳು ಮನಸ್ಸಿನಲ್ಲೇ ಅವನಿಗೆ 'ಕಾಲರ್ ಸಾರ್' ಎಂದು ಹೆಸರಿಟ್ಟಿದ್ದಳು.

ಬಂದಾಗಲೆಲ್ಲ ಅವನು ಕೇಳುತ್ತಿದ್ದ. "ನಿಮ್ಮ ಮಾಲೀಕರು ಕಾಗದ ಒಡೆದ್ರಾ?"

"ಒಂದು ಒಡೆದ್ರಂತೆ."

"ಭೇಷ್! ಏನಿತ್ತಂತೆ?"

"ಓದೋಕಾಗ್ದೆ ಮತ್ತೆ ಮಡಚಿಟ್ರಂತೆ."

ವಿಚಿತ್ರವೆಂದರೆ, ತನ್ನ ಬಗ್ಗೆ ಯಾರ ಹತ್ತಿರವೂ ಹೇಳಲಾರದ್ದನ್ನೆಲ್ಲ ಆ ಊರಲ್ಲಿಲ್ಲದ ಮಾಲೀಕಳ ಬಗ್ಗೆ ಅವಳು ಸಲೀಸಾಗಿ ಹೇಳುತ್ತಿದ್ದಳು. ಒಂದು ದೊಡ್ಡ ಹೋಟೆಲಿನವರು ಇನ್ನೂರು ಸಮವಸ್ತ್ರ ಹೊಲಿಯಲು ಹೇಳಿದ್ದು. ಅದಕ್ಕೆ ಸಾಲ ತಂದು ನಾಲ್ಕು ಯಂತ್ರ ಕೊಂಡದ್ದು. ಬಟ್ಟೆ ತಲುಪಿಸುವ ಹೊತ್ತಿಗೆ ಹೋಟೆಲಿಗೇ ಬೀಗ ಬಿದ್ದದ್ದು. ಜೇಬಿನ ಮೇಲೆ ಹೋಟೆಲಿನ ಗುರುತು ಕಸೂತಿ ಮಾಡಿದ್ದ ಆ ಅಂಗಿಗಳನ್ನು ಯಾರೂ ಕೊಳ್ಳದೆ, ಆ ಸಾಲ ತೀರಿಸಲು ಇನ್ನೊಂದು, ಇನ್ನೊಂದಕ್ಕೆ ಮತ್ತೊಂದು...

"ಅವರಮ್ಮನಿಗೆ ಗೊತ್ತಾ?"

"ಇಲ್ಲ. ಅಮ್ಮ ಅಣ್ಣನ ಮನೇಲಿದಾರೆ. 'ನನ್ನ ಮಗಳು ನಾಲ್ಕು ಮೆಷಿನ್ ಇಟ್ಟಿದಾಳೆ' ಅಂತ ಕಂಡೋರ್ಗೆಲ್ಲ ಹೇಳ್ಕೊಂಡು ಬರ್ತಾರೆ. ಮೂರು ಮೆಷಿನ್ ಮಾರಿ ಆಯ್ತು ಅಂತ ಹೇಗೆ ಹೇಳೋದು?" ಅವಳು ತಟ್ಟನೆ ನಾಲಿಗೆ ಕಚ್ಚಿಕೊಂಡಳು. "ಅಂತ... ಮಾಲೀಕರು ಹೇಳ್ತಿದ್ರು."

ಅವನು ಅವಳನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಕರುಣೆಯಿತ್ತು. ಕರುಣೆಯ ಹಿಂದೆ ಇನ್ನೂ ಏನೋ ಇತ್ತು. ಅದನ್ನು ಗುರುತಿಸಲು ಅವಳಿಗೆ ಆಸೆ, ಹೆದರಿಕೆ ಎರಡೂ.

"ನಿಮಗೆ ಸಂಬಳ ಕೊಡ್ತಿದಾರಾ?"

"ಹ್ಞಾಂ?"

"ಸಂಬಳ! ನೋಡಿದ್ರೆ ಮಧ್ಯಾಹ್ನ ಊಟ ಕೂಡ ಮಾಡಲ್ಲ ನೀವು. ಬಂದೋರ ಕೈಲಿ ಬೈಸ್ಕೊಳ್ಳೋಳು ನೀವು. 'ಮಾಲೀಕರಿಲ್ಲ' ಅಂತ ಸುಳ್ಳು ಹೇಳೋಳೂ ನೀವೇ!" ಅವನ ದನಿ ಏರಿತು. "ನಮ್ಮಪ್ಪಾನೂ ಹೀಗೇ ಮಾಡ್ತಿದ್ರು. ಸಾಲದವರು ಬಂದ್ರೆ ಒಳಗೆ ಬಚ್ಚಿಟ್ಕೊಂಡು ನನ್ನ ಬಾಗಿಲಿಗೆ ಕಳಿಸೋರು. 'ಅಪ್ಪ ಮನೇಲಿಲ್ಲ' ಅಂತ ಹೇಳೀ ಹೇಳೀ ನನಗೆ ನನ್ನ ಮೇಲೇ ಅಸಹ್ಯ ಬಂದಿತ್ತು. ಇಂಥೋರಿಗೆ ಸ್ವಲ್ಪನಾದ್ರೂ ನಾಚಿಕೆ ಬೇಡ್ವಾ?!"

ನಾಚಿಕೆ ಬೇಡವೇ...

ಅವಳ ಬಳಿ ಆ ಹೊತ್ತಿಗೆ ಬೇರೇನೂ ಇರಲಿಲ್ಲ. ಹಣವಿರಲಿಲ್ಲ, ನಿದ್ದೆಯಿರಲಿಲ್ಲ. ಇದ್ದದ್ದು ನಾಚಿಕೆಯೊಂದೇ, ಅದೂ ಉಟ್ಟು ಹೊದೆಯುವಷ್ಟು.

"ಸಾರ್," ಎಂದಳು ಒಣಗಿದ ದನಿಯಲ್ಲಿ. "ನಿಮ್ಮ ಕಾಲರ್ ಸರಿಯಾಯ್ತಲ್ಲ. ಇನ್ಮೇಲೆ ಬರ್ಬೇಡಿ."

"ಅಯ್ಯೋ... ನಾನು ನಿಮಗೆ ಹೇಳಿದ್ದಲ್ಲ! ನಿಮ್ಮ ಮಾಲೀಕರಿಗೆ..."

"ಗೊತ್ತು. ಹೊರಡಿ."

ಛತ್ರಿಯನ್ನು ಮೇಜಿನ ಮೇಲೇ ಮರೆತು ಅವನು ಹೊರಟುಹೋದ. ಅವಳು ಯಂತ್ರದ ಮೇಲೆ ತಲೆಯಿಟ್ಟು, ಹೊರಗೆ ಕೇಳಿಸದ ಹಾಗೆ, ತುಟಿ ಕಚ್ಚಿಕೊಂಡು ಅತ್ತಳು.

*

ಆ ವಾರ ಅಮ್ಮನ ಫೋನ್ ಬಂತು.

"ಹೇಗಿದೀಯೇ? ಕೆಲಸ ಜೋರಾ? ನಿಮ್ಮತ್ತಿಗೆ ತಂಗಿಗೂ ನಿನ್ನ ಹತ್ರಾನೇ ಒಂದು ಕೆಲಸ ಕೊಡೇ. ಹೇಗೂ ನಾಲ್ಕು ಮೆಷಿನ್ ಇದೆ."

"ನೋಡೋಣ ಅಮ್ಮ... ಎಲ್ಲಾ ಚೆನ್ನಾಗಿದೆ," ಎಂದು ಹೇಳಿ ಫೋನಿಟ್ಟಳು.

ಎದುರಿನ ಗೋಡೆಯಲ್ಲಿ ಆಳೆತ್ತರದ ಕನ್ನಡಿ. ಗಿರಾಕಿಗಳು ಹೊಸ ಬಟ್ಟೆ ತೊಟ್ಟು ನೋಡಿಕೊಳ್ಳುವ ಕನ್ನಡಿ. ತಿಂಗಳುಗಳಿಂದ ಅವಳು ಅದರಲ್ಲಿ ತನ್ನ ಮುಖ ನೋಡಿರಲಿಲ್ಲ. ಅಂದು ನೋಡಿದಳು.

'ವಸೂಲಿಯವನಿಗೆ ಮಾಲೀಕಳು ಇಲ್ಲ. ಅಮ್ಮನ ಪಾಲಿಗೆ ನನಗೆ ಕಷ್ಟವೇ ಇಲ್ಲ. ಕಾಲರ್ ಸಾರ್ ಪಾಲಿಗೆ ನಾನೇ ಇಲ್ಲ... ಹಾಗಾದರೆ ನಾನು ಯಾರಿಗಿದ್ದೇನೆ?'

ಬಾಗಿಲು ಎಳೆದು, ಕತ್ತರಿಸುವ ಮೇಜಿನ ಮೇಲೆ ಎಲ್ಲ ಕಾಗದಗಳನ್ನೂ ಸುರಿದಳು. ಒಡೆಯದ ಲಕೋಟೆಗಳು ಹತ್ತೊಂಬತ್ತು. ಕಾಲರ್ ಆದವು ನಾಲ್ಕು, ತೋಳಿನ ಪಟ್ಟಿಯಾದವು ಎರಡು. ಒಂದೊಂದಾಗಿ ಒಡೆದಳು. ಕತ್ತರಿಸಿದ್ದನ್ನು ಚೂರಿಗೆ ಚೂರು ಜೋಡಿಸಿ ಓದಿದಳು. ಹತ್ತನೆಯದಕ್ಕೆ ಎದ್ದುಹೋಗಿ ನೀರು ಕುಡಿದು ಬಂದಳು. ಕೊನೆಯದನ್ನು ಓದಿ ಮುಗಿಸಿದಾಗ ಅವಳಿಗೆ ಎರಡು ವಿಷಯ ಖಚಿತವಾದವು. ಎಷ್ಟೇ ಹೊಲಿದರೂ ಈ ಜನ್ಮದಲ್ಲಿ ಇದು ತೀರುವುದಿಲ್ಲ. ತಿಂಗಳ ಕೊನೆಯೊಳಗೆ ಏನೂ ಮಾಡದಿದ್ದರೆ ಉಳಿದ ಈ ಒಂದು ಯಂತ್ರವೂ ಹೋಗುತ್ತದೆ.

ಯಂತ್ರ ಹೋದರೆ ಹೊಟ್ಟೆಪಾಡು ಹೋಯಿತು. ಉಳಿಸಿಕೊಳ್ಳಬೇಕೆಂದರೆ ನಾಲ್ಕನೆಯ ಕಿಟಕಿಯ ಮುಂದೆ ನಿಂತು ತನ್ನ ಹೆಸರು ಹೇಳಬೇಕು. ಜಗತ್ತಿನಲ್ಲಿ ಯಾರ ಮುಂದೆ ಹೇಳಲು ಎಲ್ಲರಿಗಿಂತ ಹೆಚ್ಚು ನಾಚಿಕೆಯೋ, ಅವನ ಮುಂದೆಯೇ!

*

ಆಫೀಸಿನ ಉದ್ದನೆಯ ಕೋಣೆಯಲ್ಲಿ ಎಂಟು ಕಿಟಕಿಗಳಿದ್ದವು. ಬೇರೆ ಕಿಟಕಿಗೆ ಹೋಗಿ ನಿಂತರೆ, "ನಿಮ್ಮ ಬೀದಿ ನಾಲ್ಕಕ್ಕೆ ಬರುತ್ತಮ್ಮಾ, ಅಲ್ಲಿಗೇ ಹೋಗಿ," ಎಂದು ಕಳಿಸಿದರು.

ಸಾಲಿನಲ್ಲಿ ನಿಂತವರ್‍ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅವಳು ಸೆರಗಿನ ಕೆಳಗೆ ಫೈಲು ಬಚ್ಚಿಟ್ಟುಕೊಂಡು, ಮುಂದಿನವರ ಅಂಗಿಯ ಹೊಲಿಗೆ ಎಣಿಸುತ್ತಾ ಎರಡು ಗಂಟೆ ನಿಂತಳು.

ಕೊನೆಗೆ ಅವಳ ಸರದಿ ಬಂತು. ಕಿಟಕಿಯಾಚೆ ಅವಳೇ ಹೊಲಿದ ಕಪ್ಪು ಕೋಟು. ಈಗ ಕಾಲರ್ ಮಾತಾಡುತ್ತಿರಲಿಲ್ಲ.

ಅವನು ತಲೆಯೆತ್ತಿದ. ಮುಖ ಅರಳಿತು.

"ನೀವಾ?! ನಾನು ದಿನಾ ಅಂದ್ಕೋತಿದ್ದೆ, ಬಂದು ಕ್ಷಮೆ ಕೇಳೋಣ ಅಂತ... ಬರ್ಬೇಡಿ ಅಂದಿದ್ರಲ್ಲ... ಮಾಲೀಕರು ಕಳಿಸಿದ್ರಾ?"

"ಮಾಲೀಕರು ಬಂದಿದಾರೆ."

"ಹೌದಾ? ಎಲ್ಲಿ?" ಅವನು ಕತ್ತು ಚಾಚಿ ಅವಳ ಹಿಂದೆ ನೋಡಿದ.

"ಇಲ್ಲೇ," ಎಂದಳು.

ಫೈಲನ್ನು ಕಿಟಕಿಯೊಳಗೆ ತಳ್ಳಿದಳು. ಅರ್ಜಿಯ ಮೇಲೆ ಅವಳ ಹೆಸರು, ಹೆಸರಿನ ಪಕ್ಕದಲ್ಲಿ ಅವಳ ಫೋಟೋ.

ಅವನು ಓದಿದ. ಫೋಟೋ ನೋಡಿದ. ಅವಳನ್ನು ನೋಡಿದ. ಮತ್ತೆ ಓದಿದ. ಅವನ ಮುಖದ ಬಣ್ಣ ಇಳಿಯಿತು.

"ನಾಚಿಕೆ ಬೇಡ್ವಾ ಅಂತ ಕೇಳಿದ್ರಲ್ಲ," ಎಂದಳು ಅವಳು. "ಇದೆ ಸಾರ್. ಅದಕ್ಕೇ ಸುಳ್ಳು ಹೇಳಿದ್ದು. ಇವತ್ತು... ಅದನ್ನ ಇಟ್ಕೊಂಡೇ ಬಂದಿದೀನಿ."

ಅವನು ಪೆನ್ನು ಎತ್ತಿಕೊಂಡ. ಅರ್ಜಿಯ ತನಕ ಒಯ್ದು, ನಿಲ್ಲಿಸಿದ. ಪೆನ್ನಿನ ಮುಚ್ಚಳ ಹಾಕಿದ.

"ಈ ಅರ್ಜಿ ನಾನು ತಗೊಳಕ್ಕಾಗಲ್ಲ."

ಅಷ್ಟೇ ಅಂದ. ಎದ್ದು, ಕಪಾಟಿನಿಂದ ಒಂದು ಹಳದಿ ಹಾಳೆ ತೆಗೆದು, ನಿಂತಲ್ಲೇ ಸರಸರನೆ ಏನೋ ಬರೆದ. ಅವಳ ಕಡೆ ತಿರುಗಿಯೂ ನೋಡದೆ, ಅರ್ಜಿಯ ಜೊತೆ ಅದನ್ನೂ ಪಕ್ಕದ ಕಿಟಕಿಯಲ್ಲಿಟ್ಟು ಒಳಕೋಣೆಗೆ ಹೋಗಿಬಿಟ್ಟ.

'ಮುಗಿಯಿತು... ನನ್ನ ಕಾಗದ ಮುಟ್ಟುವುದಕ್ಕೂ ಇವನಿಗೆ ಅಸಹ್ಯ!'

ಕಣ್ಣು ಮಂಜಾಯಿತು. ಅವಳು ಬಾಗಿಲ ಕಡೆ ತಿರುಗಿದಳು.

"ಏ ತಾಯಿ! ಎಲ್ಲಿಗೆ ಹೊರಟ್ರಿ? ಸಹಿ ಹಾಕೋರ್‍ಯಾರು, ನಾನಾ?"

ಐದನೆಯ ಕಿಟಕಿಯ ಮೇಡಂ. ನಿವೃತ್ತಿಗೆ ಹತ್ತಿರವಾದ ವಯಸ್ಸು, ಮೂಗಿನ ತುದಿಯಲ್ಲಿ ಕನ್ನಡಕ.

"ಅವರು ತಗೊಳಲ್ಲ ಅಂದ್ರು..."

"ಅವನು ತಗೊಳೋ ಹಾಗಿಲ್ಲ. ನಾನು ತಗೋತೀನಿ. ನಮ್ಮಲ್ಲಿ ರೂಲ್ಸು, ಬೇಕಾದವರ ಅರ್ಜಿ ನಾವೇ ನೋಡೋ ಹಾಗಿಲ್ಲ. ಕಾರಣ ಬರೆದು ಬೇರೆ ಕಿಟಕಿಗೆ ಕೊಡ್ಬೇಕು. ಹೋದ ವರ್ಷ ಅವನ ಚಿಕ್ಕಪ್ಪನ ಅರ್ಜಿ ಬಂದಾಗ್ಲೂ ಹೀಗೇ ಮಾಡ್ದ." ಮೇಡಂ ಹಳದಿ ಹಾಳೆಯನ್ನು ಅವಳ ಮುಂದೆ ತಿರುಗಿಸಿದರು. "ಕಾರಣ ನಿಜ ಅಂತ ನೀವೂ ಒಪ್ಪಿ ಸಹಿ ಹಾಕ್ಬೇಕು. ಓದ್ಕೊಳ್ಳಿ. ನಿಧಾನಕ್ಕೆ ಓದ್ಕೊಳ್ಳಿ!"

'ಅರ್ಜಿದಾರರೊಂದಿಗೆ ನೌಕರನ ಸಂಬಂಧ' ಎಂದು ಅಚ್ಚಾಗಿತ್ತು. ಅದರ ಮುಂದೆ ಅವಸರದ ಕೈಬರಹ:

'ಇವರನ್ನು ನಾನು ಪ್ರೀತಿಸುತ್ತೇನೆ. ಇವರಿಗೆ ಗೊತ್ತಿಲ್ಲ. ತಿಳಿಯದೆ ಇವರ ಮನಸ್ಸು ನೋಯಿಸಿದ್ದೇನೆ. ಇವರ ವಿಷಯದಲ್ಲಿ ನಾನು ನಿಷ್ಪಕ್ಷಪಾತವಾಗಿ ಇರಲಾರೆ.'

ಕೆಳಗೆ: 'ಮೇಲಿನದು ಸರಿ. ಅರ್ಜಿದಾರರ ಸಹಿ.'

ಅವಳು ಒಮ್ಮೆ ಓದಿದಳು. ಅಕ್ಷರಗಳು ನೀರಲ್ಲಿ ಮುಳುಗಿದವು. ಕಣ್ಣೊರೆಸಿಕೊಂಡು ಮತ್ತೊಮ್ಮೆ ಓದಿದಳು.

"ಮೇಡಂ... ನಾನು ದಿವಾಳಿಯಾದವಳು."

"ಇಲ್ಲಿಗೆ ಬರೋರೆಲ್ಲ ಅದೇ ಅಲ್ವೇನಮ್ಮಾ? ಕೆಲವು ವರ್ಷ ಯಾರೂ ಸಾಲ ಕೊಡಲ್ಲ. ಅಂಗಡಿ ಬಾಡಿಗೆಗೆ ಸಿಗೋದೂ ಕಷ್ಟ. ಸುಲಭ ಅಂತ ನಾನು ಸುಳ್ಳು ಹೇಳಲ್ಲ. ಆದ್ರೆ ಹೊಟ್ಟೆಪಾಡಿನ ಮೆಷಿನ್ ಮುಟ್ಟಲ್ಲ, ಬಾಗಿಲಿಗೆ ಬಂದು ಕೂಗಾಡೋ ಹಾಗಿಲ್ಲ." ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಅದು ಅರ್ಜಿ ಮಾತು. ಹಳದಿ ಹಾಳೆ ಮಾತು ನಿಮಗೆ ಬಿಟ್ಟಿದ್ದು. ಹ್ಞಾಂ, ಬೇಗ, ಹಿಂದೆ ಜನ ಇದಾರೆ."

ತಿಂಗಳುಗಳಿಂದ ತನ್ನ ಹೆಸರನ್ನು ಕಂಡರೆ ಹೆದರುತ್ತಿದ್ದವಳು, ಅದನ್ನು ಪೂರ್ತಿಯಾಗಿ, ಒಂದು ಅಕ್ಷರವನ್ನೂ ಬಿಡದೆ, ಎರಡು ಕಡೆ ಬರೆದಳು.

*

ಹೊರಗಿನ ಮೆಟ್ಟಿಲ ಮೇಲೆ ಅವನು ಕೂತಿದ್ದ. ಅವಳನ್ನು ಕಂಡು ತಟ್ಟನೆ ಎದ್ದ.

"ತಪ್ಪಾಯ್ತು," ಎಂದ. "ಅವತ್ತಿನ ಮಾತು... ನಮ್ಮಪ್ಪನಿಗೆ ಹೇಳ್ಬೇಕಾಗಿದ್ದನ್ನ ನಿಮಗೆ ಹೇಳ್ಬಿಟ್ಟೆ."

"ಸುಳ್ಳು ಹೇಳಿದ್ದು ನಾನು. ನೀವು ಯಾಕೆ ತಪ್ಪಾಯ್ತು ಅಂತೀರಿ?" ಎಂದಳು.

"ನಿಮ್ಮಪ್ಪ ಬಂದಿದ್ರಾ ಇಲ್ಲಿಗೆ?" ಎಂದು ಆಮೇಲೆ ಅವಳೇ ಕೇಳಿದಳು.

"ಇಲ್ಲ. ನಾಚಿಕೆ. ಕೊನೇವರೆಗೂ ಬರ್ಲಿಲ್ಲ." ಅವನು ಅವಳ ಕಡೆ ತಿರುಗಿದ. "ನೀವು ಬಂದ್ರಿ."

ಅವಳು ಅಂದು ಮೊದಲ ಬಾರಿಗೆ ಅವನ ಮುಖವನ್ನು ನೇರವಾಗಿ ನೋಡಿದಳು.

"ಹಳದಿ ಹಾಳೆ..." ಅವನು ತಡವರಿಸಿದ. "ಮೇಡಂ ತೋರಿಸಿದ್ರಾ? ಸಹಿ...?"

"ನಿಮ್ಮ ಛತ್ರಿ ಅಂಗಡಿಯಲ್ಲೇ ಇದೆ," ಎಂದಳು ಅವಳು. ಅಳುವಿನ ನಡುವೆ ನಗು ಬಂತು. "ಬಂದು ತಗೊಂಡು ಹೋಗಿ."

ಅವನಿಗೆ ಅರ್ಥವಾಯಿತು. ಕಣ್ಣು ತುಂಬಿಕೊಂಡೇ ಕೇಳಿದ.

"ನಾಳೆ ಬರ್ತೀನಿ. ಮಾಲೀಕರು ಇರ್ತಾರಾ?"

"ಇರ್ತೀನಿ," ಎಂದಳು.