ಪುಟದ ಅಡಿಯ ಸಾಲು

ಪುಷ್ಕರ ಮೃಣ್ಮಯೀಯನ್ನು ಮೊದಲು ಮಾತಾಡಿಸಿದ್ದು ಬಾಯಿಂದಲ್ಲ. ಪುಣೆಯ ಲಕ್ಷ್ಮೀ ರಸ್ತೆಯ ಪೈಠಣಿ ಸೀರೆ ಅಂಗಡಿಯೊಂದಕ್ಕೆ ಅವರ ಪುಟ್ಟ ಕಂಪನಿ ವೆಬ್‌ಸೈಟ್ ಕಟ್ಟುತ್ತಿತ್ತು. ಪಕ್ಕದ ಕುರ್ಚಿಯಲ್ಲಿದ್ದವನು ತನ್ನ ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿ, ಕೋಡಿನಲ್ಲಿ ಪುಟದ ಅಡಿಗೆ ಅಡಗಿಸಿಟ್ಟ ಸಾಲೊಂದನ್ನು ತೋರಿಸಿದ: ‘ಚಹಾ ಆರ್ತಾ ಇದೆ, ತಲೆ ಎತ್ತೇ.’

ಸ್ಟೈಲ್‌ಶೀಟಿನಲ್ಲಿ ಒಂದು ನಿಯಮ ಬರೆದರೆ ಸಾಲು ಪುಟದಲ್ಲಿದ್ದೂ ಕಣ್ಣಿಗೆ ಬೀಳುವುದಿಲ್ಲ. ಆ ನಿಯಮದ ಹೆಸರನ್ನೂ ಅವನು ಎರಡು ತುಂಡು ಮಾಡಿಟ್ಟಿದ್ದ. ಪುಟ ತೆರೆದಾಗ ಮಾತ್ರ ಕೋಡ್ ಅವನ್ನು ಜೋಡಿಸುತ್ತಿತ್ತು.

“ಯಾಕೋ ಇಷ್ಟೊಂದು ಕಳ್ಳಾಟ?”

“ಹುಡುಕಿದ್ರೂ ಯಾರ ಕೈಗೂ ಸಿಗಬಾರದು.”

ಹಾಗನ್ನುವಾಗ ಅವನ ಎಡಹುಬ್ಬು ಒಂದಿಷ್ಟು ಮೇಲೇರಿತು. ಹುಡುಗಿ ಆ ಹುಬ್ಬಿಗೇ ಸೋತಳು, ಪಾಪ.

ಗಣಪತಿ ಹಬ್ಬ ಬರುವವರೆಗೂ ಅದೇ ಆಟ. ಬೆಳಿಗ್ಗೆ ಅವನದೊಂದು ಸಾಲು, ಮಧ್ಯಾಹ್ನ ಅವಳದೊಂದು. ಸಂಜೆ ಬೀದಿಬದಿಯ ಟಪರಿಯಲ್ಲಿ ಒಂದೇ ಕಟಿಂಗ್, ಅಂದರೆ ಅರ್ಧ ಲೋಟ ಚಹಾವನ್ನು ಇಬ್ಬರೂ ಕುಡಿಯುವರು. ಅವನ ತುಟಿ ತಾಗಿದ ಕಡೆಗೇ ಅವಳು ಲೋಟ ತಿರುಗಿಸುವಳು. ಅವನು ನೋಡಿಯೂ ನೋಡದವನಂತಿರುವನು.

ಅಂಗಡಿಯವರಿಗೆ ಸೈಟ್ ತೋರಿಸುವ ಡೆಮೋ ಹತ್ತಿರ ಬಂದಾಗ ಪುಷ್ಕರ ಹೇಳಿದ: “ಸೈಟ್ ಭಾರ ಆಗಿದೆ ಕಣೇ. ಬಳಸದೇ ಇರೋ ಸ್ಟೈಲ್‌ಗಳನ್ನ ಸೋಸಿ ಬಿಸಾಕೋ ಟೂಲ್ ಇದೆಯಲ್ಲ, ಅದನ್ನ ನೀನೇ ಸೆಟಪ್ ಮಾಡು. ನಿನ್ನಷ್ಟು ನೀಟಾಗಿ ಯಾರೂ ಮಾಡಲ್ಲ.”

ಅಷ್ಟು ಹೊಗಳಿಕೆ ಸಾಕಾಯಿತು. ಊಟ ಬಿಟ್ಟು ಕೂತು ಮಾಡಿದಳು. ಅದೇ ಖುಷಿಯಲ್ಲಿ ಪುಟದ ಅಡಿಯಲ್ಲಿ ಬರೆದಳು: ‘ಪುಷ್ಕರ, ಮನೇಲಿ ಆಯಿಗೆ ನಿನ್ನ ವಿಷಯ ಹೇಳಲಾ? ಇನ್ನು ತಡೆಯೋಕೆ ಆಗ್ತಿಲ್ಲ. ನಿನ್ನ ಮೃಣ್ಮಯೀ.’

ಬೆಳಿಗ್ಗೆ ಅವನು ಅದನ್ನು ಓದಿ ಕೆಳದುಟಿ ಕಚ್ಚಿ ನಕ್ಕ. “ಡೆಮೋ ಮುಗೀಲಿ, ಉತ್ತರ ಕೊಡ್ತೀನಿ.” ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಅಂಗಡಿಯ ಒಡತಿ ದೇವಧರ ಕಾಕೂ ಬಾಕರವಡಿ ತಿಂಡಿಯ ಡಬ್ಬಿ ಹಿಡಿದು ಬಂದರು. ದೊಡ್ಡ ಪರದೆಯ ಮೇಲೆ ಸೀರೆಗಳು ಒಂದೊಂದಾಗಿ ಸರಿದವು. ಕೊನೆಯಲ್ಲಿ ಅಂಗಡಿಯ ವಿಳಾಸ. ಅದರ ಕೆಳಗೆ ಇನ್ನೇನೋ. ಕಾಕೂ ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು: “ಪುಷ್ಕರ, ಮನೇಲಿ ಆಯಿಗೆ ನಿನ್ನ ವಿಷಯ...”

ಆ ತುಂಡು ಹೆಸರು ಟೂಲ್‌ನ ಕಣ್ಣಿಗೆ ಎಲ್ಲೂ ಪೂರ್ತಿ ಬಿದ್ದಿರಲಿಲ್ಲ. ಸಾಲನ್ನು ಅಡಗಿಸುವ ಆ ನಿಯಮ ಯಾರಿಗೂ ಬೇಡವೆಂದು ಟೂಲ್ ಅದನ್ನು ಕಿತ್ತೆಸೆದಿತ್ತು. ಅವಳ ಪ್ರೀತಿ ಹತ್ತು ಜನರೆದುರು ಬಯಲಾಗಿ ನಿಂತಿತು.

ಮೃಣ್ಮಯೀ ಪುಷ್ಕರನನ್ನೇ ನೋಡಿದಳು. ನಮ್ಮಿಬ್ಬರ ತಮಾಷೆ ಅದು ಎಂದು ಅವನು ಅಂದಿದ್ದರೂ ಅವಳ ಮಾನ ಉಳಿಯುತ್ತಿತ್ತು.

“ತಪ್ಪು ತಿಳೀಬೇಡಿ ಕಾಕೂ,” ಎಂದು ಅವನು ನಕ್ಕ. “ಟ್ರೇನಿ ಹುಡುಗಿ. ಒಂದು ಕಪ್ ಚಹಾ ಕುಡಿಸಿದ್ರೆ ಸಾಕು, ಇಂಥವರ ತಲೇಲಿ ಮದುವೆ ಮಂಟಪ ಎದ್ದುಬಿಡುತ್ತೆ.”

ಎಲ್ಲರೂ ನಕ್ಕರು. ಆ ವಾರವಷ್ಟೇ ಕೆಲಸಕ್ಕೆ ಸೇರಿದ್ದ ಋತುಜಾ ಎಲ್ಲರಿಗಿಂತ ಜೋರಾಗಿ ನಕ್ಕಳು.

ಮೆಟ್ಟಿಲ ಬಳಿ ಮೃಣ್ಮಯೀ ಅವನನ್ನು ತಡೆದಳು. “ಇದೇನಾ ನಿನ್ನ ಉತ್ತರ?”

“ಪ್ರಶ್ನೆ ಕೇಳು ಅಂತ ನಾನು ಹೇಳಿದ್ನಾ?”

“ನೀನೂ ಬರೀತಿದ್ದೆಯಲ್ಲೋ.”

“ಎಲ್ಲಿ, ತೋರಿಸು.”

ತೋರಿಸಲು ಏನಿತ್ತು ಮಣ್ಣು! ಅವನ ಸಾಲುಗಳು ಅವನ ಲ್ಯಾಪ್‌ಟಾಪಿನಲ್ಲೇ ಹುಟ್ಟಿ, ಅವನು ಮನೆಗೆ ಹೊರಡುವ ಮುಂಚೆ ಅಲ್ಲೇ ಅಳಿದುಹೋಗಿದ್ದವು. ಇವಳ ಸಾಲುಗಳೇ ಇವಳ ಹೆಸರಿನಲ್ಲಿ ಪ್ರಾಜೆಕ್ಟಿಗೆ ಸೇರಿದ್ದವು. ಇಷ್ಟು ದಿನ ಅವನು ಕೈ ತೊಳೆದುಕೊಂಡೇ ಪ್ರೀತಿಸಿದ್ದು ಅವಳಿಗೆ ಆಗ ತಿಳಿಯಿತು.

“ಹೋಗು, ನಿನ್ನ ಸಾಲು ಅಳಿಸು,” ಅಂದ. “ಹಾಗೇ ಆ ನಿಯಮದ ಹೆಸರನ್ನ ಟೂಲ್‌ನಲ್ಲಿ ಪೂರ್ತಿ ಬರೆದಿಡು, ಮತ್ತೆ ಬಿಸಾಕಬಾರದು.”

“ಸಾಲೇ ಇಲ್ಲ ಅಂದ್ಮೇಲೆ ನಿಯಮ ಯಾಕೆ?”

“ಇರ್ಲಿ. ಬೇಕಾಗುತ್ತೆ.”

ಯಾಕೆ ಬೇಕೆಂದು ಒಳಗೆ ಬಂದಾಗ ಗೊತ್ತಾಯಿತು. ಅವಳ ಕುರ್ಚಿಯಲ್ಲಿ ಋತುಜಾ ಕೂತಿದ್ದಳು. ಪುಷ್ಕರನ ಲ್ಯಾಪ್‌ಟಾಪಿನಲ್ಲಿ ಪುಟದ ಅಡಿಯನ್ನು ಓದಿ, ಕಿವಿಯವರೆಗೆ ಕೆಂಪಾಗಿ, ತನ್ನದರಲ್ಲಿ ಏನೋ ಟೈಪ್ ಮಾಡುತ್ತಿದ್ದಳು.

ಮೃಣ್ಮಯೀ ಬಗ್ಗಿ ಮೆಲ್ಲಗೆ ಹೇಳಿದಳು: “ಬರೀಬೇಡ ಕಣೇ. ಅವನದು ಸಂಜೆಗೆ ಅಳಿದುಹೋಗುತ್ತೆ. ನಿಂದು ಉಳಿಯುತ್ತೆ.”

ಋತುಜಾ ತಲೆ ಎತ್ತಲಿಲ್ಲ. “ನೀವು ಬಂದು ಹೀಗೇ ಹೇಳ್ತೀರಿ ಅಂತ ಅವರು ಮೊದಲೇ ಹೇಳಿದ್ರು, ಅಕ್ಕಾ. ಹೊಟ್ಟೆಕಿಚ್ಚು ಅಂತೆ.”

ಮೃಣ್ಮಯೀ ಬೇರೆ ಮೇಜಿನಲ್ಲಿ ಕೂತು ತನ್ನ ಸಾಲು ಅಳಿಸಿದಳು. ಆ ನಿಯಮದ ಹೆಸರನ್ನು ಬರೆಯದೆ ಬಿಟ್ಟರೆ ಸಾಕಿತ್ತು, ಮುಂದಿನ ಡೆಮೋದಲ್ಲಿ ಋತುಜಾಳ ಸಾಲು ಪರದೆಯ ಮೇಲೆ ಬಂದು ಅವಳ ಮಾನ ಹೋಗುತ್ತಿತ್ತು. ಬಿಟ್ಟುಬಿಡಬೇಕೆಂದೇ ಅನಿಸಿತು. ಆದರೆ ಅಲ್ಲಿ ಕಾಣುವುದು ಆ ಹುಡುಗಿಯದು ಮಾತ್ರ, ಅವನದಲ್ಲ. ಅವಳು ಹೆಸರನ್ನು ಪೂರ್ತಿ ಬರೆದು ಸೇವ್ ಮಾಡಿದಳು. ಋತುಜಾಳ ಮಾನ ಉಳಿಯಿತು. ಅದರ ಜೊತೆಗೆ ಪುಷ್ಕರನ ಗುಟ್ಟೂ ಉಳಿದುಕೊಂಡಿತು.

ಅವನು ಟಪರಿಯಿಂದ ಒಂದೇ ಒಂದು ಕಟಿಂಗ್ ಹಿಡಿದು ಬಂದ. “ಆಯ್ತಾ?”

“ಆಯ್ತು.”

“ಶಾಣೀ ಹುಡುಗಿ.”

ಹಾಗಂದು ಮುಂದೆ ಹೋಗಿ ಲೋಟವನ್ನು ಋತುಜಾಳ ಮುಂದಿಟ್ಟ. ಅವಳು ಒಂದು ಗುಟುಕು ಕುಡಿದಳು. ಅವನು ಲೋಟ ಎತ್ತಿಕೊಂಡು, ಅವಳ ತುಟಿ ತಾಗಿದ ಕಡೆಗೆ ತಿರುಗಿಸಿ ಕುಡಿದ. ಅದನ್ನು ಅವನು ಎಲ್ಲಿ ಕಲಿತನೆಂದು ಮೃಣ್ಮಯೀಗೆ ಗೊತ್ತಿತ್ತು.