ನೂರಾ ನಲವತ್ತೇಳನೇ ಚಿತ್ರ

"ಯಾರ್ರೀ ಅದು, ನನ್ನ ಚಿತ್ರ ಸುಳ್ಳು ಅಂತ ಬರೆದಿರೋದು?!"

ಪ್ರಕಾಶನದ ಚಿತ್ರವಿಭಾಗದ ಬಾಗಿಲಲ್ಲಿ ನಿಂತಿದ್ದ ಗಣಿತದ ಮೇಷ್ಟ್ರಿಗೆ ಮೂಗಿನ ತುದಿಯಲ್ಲೇ ಕೋಪ. ಕೈಯಲ್ಲಿ ಒಂದು ಹಾಳೆ, ಹಾಳೆಯಲ್ಲಿ ಒಂದು ತ್ರಿಭುಜ. ಅದರ ಪಕ್ಕದಲ್ಲಿ ಪೆನ್ಸಿಲಿನ ಗುಂಡಗಿನ ಅಕ್ಷರ: 'ಚಿತ್ರ 147 ಸುಳ್ಳು ಹೇಳುತ್ತಿದೆ. ಬರೆಯಲಾರೆ.'

ಓರೆ ಮೇಜಿನ ಮೇಲೆ ಬಾಗಿದ್ದವಳು ತಕ್ಷಣ ತಲೆ ಎತ್ತಲಿಲ್ಲ. ಶುರು ಮಾಡಿದ್ದ ವೃತ್ತವನ್ನು ಮುಗಿಸಿ, ಕೈವಾರವನ್ನು ಮಡಚಿಟ್ಟು, ಆಮೇಲೆ ನೋಡಿದಳು.

"ನಾನೇ."

ಅಷ್ಟೇ! ಕ್ಷಮೆ ಗಿಮೆ ಏನೂ ಇಲ್ಲ.

ಆಫೀಸಿನಲ್ಲಿ ಎಲ್ಲರೂ ಅವಳನ್ನು 'ಕೈವಾರ' ಎಂದೇ ಕರೆಯುತ್ತಿದ್ದರು. ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ರೇಖಾಗಣಿತದ ಪುಸ್ತಕ ಮಾಡುವ ಪ್ರಕಾಶನ ಅದು. ಎಂಟು ವರ್ಷದಿಂದ ಅಲ್ಲಿನ ಒಂದೊಂದು ಗೆರೆಯೂ ಅವಳ ಕೈಯದ್ದು. ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಬಡಗಿ ಅಪ್ಪನ ಅಂಗಡಿಯಲ್ಲಿ, ಹಲಗೆಗಳ ಮೇಲೆ ಗೆರೆ ಎಳೆದು ಕಲಿತವಳು. ಅರವತ್ತು ಪುಸ್ತಕಕ್ಕೆ ಚಿತ್ರ ಬರೆದಿದ್ದಳು. ಒಂದರಲ್ಲೂ ಅವಳ ಹೆಸರಿರಲಿಲ್ಲ. ಇದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡವಳಲ್ಲ, ಆದರೆ ಹೊಸ ಪುಸ್ತಕ ಬಂದಾಗಲೆಲ್ಲ ಮೊದಲ ಪುಟವನ್ನು ಒಮ್ಮೆ ತಿರುಗಿಸಿ ನೋಡದೆ ಇರುತ್ತಿರಲಿಲ್ಲ.

"ನೋಡಿ, ಈ ಕೊನೇ ಅಧ್ಯಾಯದ ಪ್ರಮೇಯ ನನ್ನ ಸ್ವಂತದ್ದು. ಏಳು ವರ್ಷದ ಕೆಲಸ! ಪ್ರಮೇಯ ನನಗೆ ಬಿಡಿ. ನೀವು ಗೆರೆ ಎಳೀರಿ, ಸಾಕು" ಎಂದರು ಮೇಷ್ಟ್ರು.

"ಗೆರೆ ಎಳೆಯೋಕೆ ಹೋಗಿದ್ದಕ್ಕೇ ಗೊತ್ತಾಗಿದ್ದು. ಬನ್ನಿ, ಕೂತ್ಕೊಳ್ಳಿ. ಒಂದು ತ್ರಿಭುಜ ಬರೀರಿ."

ಬರೆದರು.

"ಇನ್ನೊಂದು."

ಬರೆದರು.

"ಇನ್ನೂ ಒಂದು."

"ಏನ್ರೀ, ತಮಾಷೆನಾ?"

"ಮೂರೂ ಒಂದೇ ತಾಯಿ ಮಕ್ಕಳ ಥರ ಇವೆ, ನೋಡಿ. ಪುಸ್ತಕದಲ್ಲಿ 'ಯಾವುದೇ ತ್ರಿಭುಜ' ಅಂದಿದ್ದೀರಿ. ನಿಮ್ಮ ಕೈ ಮಾತ್ರ ಚೆನ್ನಾಗಿ ಕಾಣೋದನ್ನೇ ಆರಿಸ್ತಿದೆ."

ಅವಳು ಒಂದು ಕೋನ ತೀರಾ ಅಗಲವಾಗಿ, ಒಂದು ಕಡೆಗೆ ವಾಲಿದಂತಿದ್ದ ತ್ರಿಭುಜ ಬರೆದಳು. ಅವರದೇ ಪ್ರಮೇಯದ ಎರಡು ಗೆರೆಗಳನ್ನು ಎಳೆದಳು. ಅವು ತ್ರಿಭುಜದ ಒಳಗೆ ಸೇರಲಿಲ್ಲ. ಹೊರಗೆ ಹೋಗಿ ಸೇರಿದವು!

"ಸೇರೋ ಬಿಂದು ಒಳಗಿದ್ರೆ ಎರಡು ಕೋನ ಕೂಡಿಸ್ತೀರಿ, ಸರಿ. ಇಲ್ಲಿ ಯಾವುದನ್ನ ಕೂಡಿಸ್ತೀರಿ?"

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಪ್ರಮೇಯದ ಸಾಧನೆಯಲ್ಲಿ ಅರ್ಧ ಭಾಗ ಇಲ್ಲವೇ ಇಲ್ಲ! ಏಳು ವರ್ಷ ಒಂದೇ ಚಿತ್ರ ನೋಡುತ್ತಾ, ಬಿಂದು ಒಳಗೇ ಇರುತ್ತದೆ ಎಂದು ನಂಬಿಬಿಟ್ಟಿದ್ದರು. ಹಾಳೆಯನ್ನು ನಾಲ್ಕಾಗಿ ಮಡಚಿ ಹೊರಟುಹೋದರು.

'ಅಯ್ಯೋ... ಇಷ್ಟು ಒರಟಾಗಿ ಹೇಳಬಾರದಿತ್ತೇನೋ... ಪಾಪ!'

ಮರುದಿನ ಬೆಳಿಗ್ಗೆ ಅದೇ ಬಾಗಿಲು, ಅದೇ ಮೇಷ್ಟ್ರು. ಕಂಕುಳಲ್ಲಿ ಖಾಲಿ ಹಾಳೆಯ ಕಟ್ಟು.

"ಕಲಿಸಿಕೊಡ್ತೀರಾ?"

"ಏನನ್ನ?"

"ವಕ್ರ ತ್ರಿಭುಜ ಬರೆಯೋದನ್ನ..."

ಅವಳಿಗೆ ನಗು ತಡೆಯಲಾಗಲಿಲ್ಲ. ತಪ್ಪು ಒಪ್ಪಿಕೊಳ್ಳುವ ಲೇಖಕರನ್ನು ಅವಳು ಎಂಟು ವರ್ಷದಲ್ಲಿ ಕಂಡೇ ಇರಲಿಲ್ಲ. ಪ್ರೀತಿ ಯಾವಾಗ ಹುಟ್ಟಿತು ಎಂದು ಆಮೇಲೆ ಕೇಳಿದರೆ ಅವಳು ಬೇರೆ ಏನೇನೋ ಹೇಳಬಹುದು, ನಂಬಬೇಡಿ. ಆ ನಗುವಿನಲ್ಲೇ ಕೆಲಸ ಕೆಟ್ಟಿತ್ತು.

ಮೂರು ತಿಂಗಳು, ಪಾಠ ಮುಗಿದ ಮೇಲೆ ಮೇಷ್ಟ್ರು ಬರುತ್ತಿದ್ದರು. ಎದುರುಬದುರು ಕುರ್ಚಿ, ನಡುವೆ ಓರೆ ಮೇಜು, ನೆಲದ ತುಂಬಾ ರಬ್ಬರಿನ ಪುಡಿ. ಜಗಳಕ್ಕೆ ಬರವಿರಲಿಲ್ಲ. ಬಿಂದು ಹೊರಗೆ ಬಿದ್ದಾಗ ಏನು ಮಾಡುವುದು? ಆ ಎರಡನೇ ಸಂದರ್ಭ ಇಬ್ಬರನ್ನೂ ಸತಾಯಿಸಿತು.

ಒಂದು ಸಂಜೆ ಅವಳು ಇದ್ದಕ್ಕಿದ್ದಂತೆ ಚಿತ್ರದ ಈ ಮೂಲೆಯಿಂದ ಆ ಮೂಲೆಗೆ, ಎಲ್ಲೂ ಇಲ್ಲದ ಒಂದು ಗೆರೆ ಎಳೆದಳು.

ಮೇಷ್ಟ್ರು ನೋಡಿದರು. ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಬಿತ್ತು.

"ಮುಗೀತಲ್ರೀ!! ಇಷ್ಟೇನಾ? ಎಲ್ಲಿಂದ ತಂದ್ರಿ ಈ ಗೆರೆನ?"

"ಅಪ್ಪ ಬಾಗಿಲಿನ ಚೌಕಟ್ಟು ಮಾಡುವಾಗ ಅಲ್ಲಾಡದೆ ಇರಲಿ ಅಂತ ಅಡ್ಡಪಟ್ಟಿ ಹೊಡೀತಾರೆ. ಗೋಡೆಗೆ ಕೂತ ಮೇಲೆ ಕಿತ್ತುಬಿಡ್ತಾರೆ. ಇದೂ ಹಾಗೇ... ಕೆಲಸ ಆಗೋವರೆಗೂ ಒಂದು ಆಸರೆ."

ಅವರು ಚಿತ್ರ ಬಿಟ್ಟು ಅವಳನ್ನೇ ನೋಡುತ್ತಿದ್ದರು. ಅವಳು ರಬ್ಬರಿನ ಪುಡಿ ಊದುವವಳಂತೆ ತಲೆ ಬಗ್ಗಿಸಿದಳು!

ಕರಡು ಅಚ್ಚು ಬಂದಾಗ ಕೃತಜ್ಞತೆಯ ಪುಟದ ಕೊನೆಯಲ್ಲಿ ಒಂದು ಸಾಲಿತ್ತು: 'ಚಿತ್ರಗಳು' ಎಂದು, ಮುಂದೆ ಅವಳ ಹೆಸರು. ಅಡ್ಡಹೆಸರಲ್ಲ, ನಿಜವಾದ ಹೆಸರು. ಹನ್ನೊಂದು ಸಲ ಓದಿದಳು. ಮನೆಗೆ ಒಯ್ದು ಅಪ್ಪನಿಗೂ ತೋರಿಸಿದಳು. ಅಪ್ಪ ಕನ್ನಡಕ ಒರೆಸಿಕೊಂಡು, ಅಕ್ಷರದ ಮೇಲೆ ಬೆರಳಿಟ್ಟು ಓದಿದರು.

ವಾರ ಕಳೆದು ಕೊನೆಯ ಕರಡು ಬಂತು. ಅದೇ ಪುಟ. ಅದೇ ಸಾಲು. ಅದರ ಮೇಲೆ ಹಸಿರು ಶಾಯಿಯಲ್ಲಿ ಎರಡು ಅಡ್ಡಗೆರೆ!

ಆಫೀಸಿಗೆ ಬರುವವರಲ್ಲಿ ಹಸಿರು ಶಾಯಿ ಒಬ್ಬರದ್ದೇ. ಮೇಷ್ಟ್ರದ್ದು.

'ಚೌಕಟ್ಟು ಕೂತಿತು... ಅಡ್ಡಪಟ್ಟಿ ಕಿತ್ತರು. ಅಷ್ಟೇ ತಾನೇ ನಾನು?'

ಮೇಷ್ಟ್ರು ಊರಲ್ಲಿರಲಿಲ್ಲ. ಇದ್ದಿದ್ದರೂ ಅವಳು ಕೇಳುತ್ತಿರಲಿಲ್ಲ ಬಿಡಿ, ಸ್ವಾಭಿಮಾನ ಅಂಥದ್ದು! ಕೈವಾರ, ಸ್ಕೇಲು ಎಲ್ಲ ಚೀಲಕ್ಕೆ ಹಾಕಿಕೊಂಡಳು. ಪ್ರಕಾಶನದ ಯಜಮಾನರ ಮೇಜಿನ ಮೇಲೆ ರಾಜೀನಾಮೆ ಇಟ್ಟು ಹೊರಟೇಬಿಟ್ಟಳು.

ಮೂರನೇ ದಿನ ಅಪ್ಪನ ಅಂಗಡಿಯಲ್ಲಿ ಕೂತು ಹಲಗೆಗೆ ಉಜ್ಜುಕಾಗದ ಹಾಕುತ್ತಿದ್ದಳು. ಉಜ್ಜಿದ್ದನ್ನೇ ಉಜ್ಜುತ್ತಿದ್ದಳು.

"ಸವೆದುಹೋಗುತ್ತೆ ಕಣಮ್ಮ, ಬಿಡು" ಎಂದರು ಅಪ್ಪ. "ಯಾಕೆ ಹೊಡೆದು ಹಾಕಿದ್ರಿ ಅಂತ ಅವರನ್ನ ಕೇಳಿದ್ಯಾ?"

"ಕೇಳೋದೇನಿದೆ? ಕಣ್ಣಾರೆ ನೋಡಿದೀನಿ!"

"ಓಹೋ. ಅಳತೆ ಹಾಕದೆ, ಕಣ್ಣಿಗೆ ಕಂಡಿದ್ದನ್ನೇ ನಂಬಿಬಿಟ್ರು ಅಂತ ಅವತ್ತು ಆ ಮೇಷ್ಟ್ರಿಗೆ ಬೈದವಳು ಯಾರಮ್ಮ?"

ಅವಳ ಕೈ ನಿಂತಿತು.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ಕೆದರಿದ ಕೂದಲು, ಹೆಗಲಲ್ಲಿ ಪ್ರಯಾಣದ ಚೀಲ... ಮೇಷ್ಟ್ರು!

"ರಾಜೀನಾಮೆ ಅಂತೆ? ಏನ್ರೀ ಇದು?"

"ನನ್ನ ಹೆಸರು ಹೊಡೆದು ಹಾಕಿದವರು ನೀವಲ್ವಾ?"

"ನಾನೇ!" ಎಂದರು ಮೇಷ್ಟ್ರು, ಅವಳ ಆ ಮೊದಲ ದಿನದ ಧಾಟಿಯಲ್ಲೇ. ಚೀಲದಿಂದ ಒಂದು ಹಾಳೆ ತೆಗೆದು ಹಲಗೆಯ ಮೇಲೆ ಇಟ್ಟರು. ಪುಸ್ತಕದ ಮೊದಲ ಪುಟ. ಶೀರ್ಷಿಕೆಯ ಕೆಳಗೆ ಹಸಿರು ಶಾಯಿಯಲ್ಲಿ ಬರೆದ ಎರಡು ಹೆಸರು. ಮೊದಲನೆಯದು ಅವಳದ್ದು.

"ಜೊತೇಲಿ ಪುಸ್ತಕ ಬರೆದವರಿಗೆ ಯಾರಾದ್ರೂ ಕೃತಜ್ಞತೆ ಹೇಳ್ತಾರಾ? ಅದಕ್ಕೇ ಅಲ್ಲಿಂದ ತೆಗೆದೆ. ಡಿಗ್ರಿ ಇಲ್ಲದವಳ ಹೆಸರು ಇಲ್ಲಿ ಬೇಡ ಅಂದ್ರು ಯಜಮಾನರು. ಹಾಗಾದ್ರೆ ನನ್ನ ಪುಸ್ತಕಾನೂ ಬೇಡ, ವಾಪಸ್ ಕೊಡಿ ಅಂದೆ. ಕೊನೆಗೆ, ಪುಸ್ತಕ ಪರಿಶೀಲಿಸೋ ಸಂಶೋಧಕರ ಮಂಡಳಿ ಒಪ್ಪಿದ್ರೆ ಹಾಕ್ತೀನಿ ಅಂದ್ರು. ಮೂರು ದಿನದಿಂದ ಮಂಡಳಿಯವರ ಹಿಂದೇನೇ ಓಡಾಡ್ತಿದ್ದೆ. ನಾಳೆ ಬೆಳಿಗ್ಗೆ ಬರ್ತಾರೆ. ಎರಡನೇ ಸಂದರ್ಭವನ್ನ ಕಂಡುಹಿಡಿದವರೇ ಬೋರ್ಡಿನ ಮೇಲೆ ಮಾಡಿ ತೋರಿಸ್ಬೇಕಂತೆ."

ಅವಳ ಕಣ್ಣು ತುಂಬಿತು. ಆದರೂ ಸೋಲುವವಳೇ?

"ನನ್ನನ್ನ ಒಂದು ಮಾತು ಕೇಳದೆ ನನ್ನ ಹೆಸರು ಅಲ್ಲಿ ತೆಗೆಯೋಕೆ, ಇಲ್ಲಿ ಹಾಕೋಕೆ ನೀವ್ಯಾರ್ರೀ?"

ಮೇಷ್ಟ್ರು ತಲೆ ತಗ್ಗಿಸಿದರು. "ಹೌದು... ಕೇಳಬೇಕಿತ್ತು. ತಪ್ಪಾಯ್ತು."

ಹಾಳೆಯನ್ನು ತನ್ನತ್ತ ಎಳೆದುಕೊಂಡು ಅವಳೂ ಹೇಳಿದಳು, "ನಾನೂ ಕೇಳಬೇಕಿತ್ತು."

ಅಪ್ಪ ಉಳಿ ಕೆಳಗಿಟ್ಟರು. "ನಾಳೆ ಎಷ್ಟು ಗಂಟೆಗಪ್ಪಾ?"

ಮರುದಿನ ಸಭಾಂಗಣದಲ್ಲಿ ಒಂಬತ್ತು ಜನ ಸಂಶೋಧಕರು. ಮುಂದಿನ ಸಾಲಿನಲ್ಲಿ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡ ಹಿರಿಯ ಪ್ರಾಧ್ಯಾಪಕಿ, ಪಕ್ಕದಲ್ಲಿ ಗಂಟುಮುಖದ ಯಜಮಾನರು. ಕೊನೆಯ ಸಾಲಿನಲ್ಲಿ, ಇಸ್ತ್ರಿ ಅಂಗಿ ತೊಟ್ಟ ಅಪ್ಪ. ಕಿವಿಯ ಮೇಲಿನ ಪೆನ್ಸಿಲ್ ತೆಗೆಯುವುದನ್ನು ಮರೆತಿದ್ದರು.

"ಎಲ್ಲಿ ಕಲಿತಿದ್ದು, ಯಾವ ವಿಶ್ವವಿದ್ಯಾಲಯ?" ಕೇಳಿದರು ಪ್ರಾಧ್ಯಾಪಕಿ.

ಅವಳು ಕೊನೆಯ ಸಾಲಿನತ್ತ ನೋಡಿದಳು. ಬೆನ್ನು ನೆಟ್ಟಗಾಯಿತು.

"ನಮ್ಮಪ್ಪನ ಮರಗೆಲಸದ ಅಂಗಡೀಲಿ, ಮೇಡಂ."

ಯಾರೋ ನಕ್ಕರು. ಅವಳು ಸೀಮೆಸುಣ್ಣ ಎತ್ತಿಕೊಂಡಳು. ಕೈವಾರವಿಲ್ಲದೆ ಬರಿಗೈಯಲ್ಲೇ ಒಂದು ವೃತ್ತ ಎಳೆದಳು. ಶುರುವಾದಲ್ಲೇ ಬಂದು ಸೇರಿತು! ನಗು ಅಲ್ಲಿಗೇ ನಿಂತಿತು. ವಾಲಿದ ತ್ರಿಭುಜ ಬಂತು, ಹೊರಗೆ ಬಿದ್ದ ಬಿಂದು ಬಂತು. ಕೊನೆಗೆ, ಎಲ್ಲರೂ ಕಾಯುತ್ತಿದ್ದಾಗ, ಆ ಅಡ್ಡಗೆರೆ.

"ಇಲ್ಲಿ ಕೂಡಿಸೋದಲ್ಲ, ಕಳೆಯೋದು. ಉಳಿಯೋದು ಮೊದಲಿನಷ್ಟೇ. ಆದ್ದರಿಂದ ಯಾವುದೇ ತ್ರಿಭುಜಕ್ಕೂ ಇದು ನಿಜ."

ಪ್ರಾಧ್ಯಾಪಕಿ ಕನ್ನಡಕ ತೆಗೆದು ಎದ್ದು ನಿಂತರು. "ಈ ಗೆರೆ ನನಗಂತೂ ಹೊಳೀತಿರಲಿಲ್ಲ." ಆಮೇಲೆ ಯಜಮಾನರತ್ತ ತಿರುಗಿದರು. "ಎರಡೂ ಹೆಸರು ಒಂದೇ ಅಳತೆಯ ಅಕ್ಷರದಲ್ಲಿರಲಿ."

ಯಜಮಾನರು ಮೆಲ್ಲಗೆ ತಲೆಯಾಡಿಸಿದರು. ಚಪ್ಪಾಳೆಯ ನಡುವೆ ಅಪ್ಪ ಪಕ್ಕದವರಿಗೆ ಹೇಳುತ್ತಿದ್ದರು, "ನಮ್ಮ ಹುಡುಗಿ." ಪಕ್ಕದವರು ಕೇಳಿರಲೇ ಇಲ್ಲ. ಆದರೂ ಎರಡು ಸಲ ಹೇಳಿದರು.

ಎಲ್ಲರೂ ಹೊರಟ ಮೇಲೆ ಬೋರ್ಡಿನ ಮುಂದೆ ಇಬ್ಬರೇ ಉಳಿದರು. ಅವಳ ಕೆನ್ನೆಯ ಮೇಲೆ ಸೀಮೆಸುಣ್ಣದ ಪುಡಿ. ಮೇಷ್ಟ್ರು ಡಸ್ಟರ್ ಹಿಡಿದುಕೊಂಡೇ ನಿಂತಿದ್ದರು, ಅಳಿಸಲು ಮನಸ್ಸಾಗದೆ.

"ಈ ಗೆರೆ ಮಾತ್ರ ಯಾವತ್ತೂ ಕೀಳೋಕಾಗಲ್ಲ ರೀ. ಕಿತ್ತರೆ ಚಿತ್ರವೇ ನಿಲ್ಲಲ್ಲ..." ಬೋರ್ಡಿನಿಂದ ಅವಳತ್ತ ತಿರುಗಿದರು. "ನಾನೂ ನಿಲ್ಲಲ್ಲ. ನಂಗೆ ನೀವಂದ್ರೆ ತುಂಬಾ ಇಷ್ಟ. ಈ ಸಲ ಕೇಳಿಯೇ ಮುಂದುವರೀತೀನಿ... ನನ್ನ ಮದುವೆ ಆಗ್ತೀರಾ?"

ಅವಳು ಬೋರ್ಡಿನ ಕಡೆ ತಿರುಗಿಕೊಂಡಳು. ಕಿವಿಯವರೆಗೂ ಕೆಂಪೇರಿದ್ದು ಕಾಣಬಾರದಲ್ಲ!

"ಅವಸರ ಮಾಡ್ಬೇಡಿ. ಎಲ್ಲಾ ಸಂದರ್ಭನೂ ಪರೀಕ್ಷೆ ಮಾಡ್ಬೇಕು ತಾನೆ?"

"ಎಷ್ಟಿವೆ?"

"ಎರಡು. ನೀವು ಎದುರಿಗಿದ್ದು ಜಗಳ ಆಡುವಾಗ. ಮತ್ತೆ... ನೀವು ಇಲ್ಲದೆ ಇರುವಾಗ."

"ಯಾವಾಗ ಪರೀಕ್ಷೆ ಮಾಡ್ತೀರಿ?"

"ಮಾಡಾಯ್ತು" ಎಂದಳು. "ಎರಡರಲ್ಲೂ ಒಂದೇ ಉತ್ತರ ಬಂತು."

"ಏನಂತ?"

ಅವಳು ತಿರುಗಿ, ಅವರ ಕೈಯಿಂದ ಡಸ್ಟರ್ ತೆಗೆದು ಮೇಜಿನ ಮೇಲಿಟ್ಟಳು.

"ಹೂಂ ಅಂತ."